ಬಾಣಂತನಕ್ಕೆ ಹೋದವಳು ಕಂಡ ಬಾಣದ ಕಡ್ಡಿಗಳು



ಮಗಳ ಬಾಣಂತನಕ್ಕೆಂದು ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದವಳು ನಾನು. ಹೋಗುವಾಗ ನನ್ನ ಪೆಟ್ಟಿಗೆಯಲ್ಲಿ ಇದ್ದುದು ಮೆಂತೆ, ಓಮ, ಓಲೆಬೆಲ್ಲ, ತೆಂಗಿನೆಣ್ಣೆ ಮತ್ತು ಮಗುವನ್ನು ಸುತ್ತಲು ಹಳೆಯ ನೂಲಿನ ಸೀರೆಯ ತುಂಡುಗಳು. ಬರುವಾಗ ನನ್ನ ತಲೆಯ ತುಂಬ ಇದ್ದುದು ಬಾಣ. "ಬಾಣಂತನಕ್ಕೆ ಹೋದವಳು ಬಾಣದ ಕಥೆ ಹಿಡಿದುಕೊಂಡು ಬಂದಿದ್ದಾಳೆ" ಎಂದು ನಮ್ಮ ಮನೆಯವರು ಈಗಲೂ ತಮಾಷೆ ಮಾಡುತ್ತಾರೆ. ಮಾಡಲಿ. ನಿಮಗಾದರೂ ಇದನ್ನು ಹೇಳಿಬಿಡುತ್ತೇನೆ.

ಬಾಣ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ನನಗೆ ಬರುತ್ತಿದ್ದುದು ಮೊನಚಾದ ತುದಿ ಮಾತ್ರ. ಆ ತುದಿಯ ಹಿಂದೆ ಮೊಳಕ್ಕಿಂತ ಉದ್ದದ ನೇರವಾದ ಕಡ್ಡಿಯೊಂದು ಇರುತ್ತದೆ, ಅದು ಯಾವುದೋ ಗಿಡದಲ್ಲಿ ಚಿಗುರಿ ಬೆಳೆದದ್ದು, ಅದನ್ನು ಯಾರೋ ಕಾದು, ಆರಿಸಿ, ಕಡಿದು, ಒಣಗಿಸಿರುತ್ತಾರೆ ಎಂದು 46 ವರ್ಷಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಬಾಣದ ಬಗ್ಗೆ ಹದೀಸ್ ಪಾಠ ಮಾಡಿದವಳು ನಾನು. ಆದರೂ ಯೋಚಿಸಿರಲಿಲ್ಲ.

ಮಗು ಹುಟ್ಟಿ ನಲ್ವತ್ತು ತುಂಬಿತ್ತು. ಫೆಬ್ರವರಿ ತಿಂಗಳು. ಮನೆಯೊಳಗೇ ಕುಳಿತು ಮಗಳು ಸೊರಗಿದ್ದಳು. ಎರಡು ದಿನದ ಮಟ್ಟಿಗೆ ಇಟಲಿಯ ಬೊಲ್ಝಾನೊಗೆ ಹೋಗಿ ಬರೋಣ ಎಂದು ಅಳಿಯ ಹೊರಡಿಸಿದ. ಅಲ್ಲಿ 5300 ವರ್ಷ ಹಿಂದಿನ ಮನುಷ್ಯನೊಬ್ಬನ ದೇಹ ಹಿಮದಲ್ಲಿ ಕೆಡದೆ ಉಳಿದದ್ದು ಇದೆಯಂತೆ, ನೋಡಬೇಕಂತೆ. ಮಯ್ಯಿತ್ ನೋಡಲು ಟಿಕೆಟ್ ತೆಗೆದು ಹೋಗುವುದೇ ಎಂದು ನಾನು ಮುಖ ತಿರುಗಿಸಿದೆ. "ನೀವು ಬೆಟ್ಟ ನೋಡಿ ಮಾಮಿ, ಅವನನ್ನು ನಾವು ನೋಡುತ್ತೇವೆ" ಎಂದ. ಅಳಿಯನ ಮಾತು, ಒಪ್ಪಿದೆ.

ಬೆಟ್ಟ ನೋಡುವ ಮಾತು ಸುಳ್ಳಾಗಲಿಲ್ಲ. ರೈಲು ಜರ್ಮನಿ ಬಿಟ್ಟು ಆಸ್ಟ್ರಿಯಾದ ಇನ್ಸ್‌ಬ್ರುಕ್ ದಾಟಿ, ಸುಮಾರು 1370 ಮೀಟರ್ ಎತ್ತರದ ಬ್ರೆನ್ನರ್ ಕಣಿವೆಯನ್ನು ಹತ್ತಿ ಇಟಲಿಗೆ ಇಳಿಯುತ್ತದೆ. ನಾಲ್ಕು ಗಂಟೆಯಲ್ಲಿ ಮೂರು ದೇಶ. ಎರಡೂ ಬದಿ ಆಲ್ಪ್ಸ್ ಪರ್ವತದ ಹಿಮ, ನಡುವೆ ನಮ್ಮ ಮೊಮ್ಮಗನ ಅಳು. ಬೊಲ್ಝಾನೊ ನಿಲ್ದಾಣದಲ್ಲಿ ಇಳಿದರೆ ಬೋರ್ಡಿನಲ್ಲಿ ಎರಡು ಹೆಸರು: ಇಟಾಲಿಯನ್ನರಿಗೆ ಬೊಲ್ಝಾನೊ, ಜರ್ಮನ್ ಆಡುವವರಿಗೆ ಬೋಝೆನ್. ಈ ದಕ್ಷಿಣ ತಿರೋಲ್ ಪ್ರಾಂತ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದಲ್ಲಿತ್ತು, ಆಮೇಲೆ ಇಟಲಿಗೆ ಸೇರಿತು. ಅಂಗಡಿಯವನು ಒಂದು ಭಾಷೆಯಲ್ಲಿ ಲೆಕ್ಕ ಹೇಳಿ ಇನ್ನೊಂದರಲ್ಲಿ ಚಿಲ್ಲರೆ ಕೇಳುತ್ತಾನೆ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಎಂದು ಬೆಳೆದ ನನಗೆ ಇದೇನೂ ಹೊಸದೆನಿಸಲಿಲ್ಲ.

ಆ ಮನುಷ್ಯನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 1991ರ ಸೆಪ್ಟೆಂಬರ್ 19ರಂದು ಹೆಲ್ಮುಟ್ ಮತ್ತು ಎರಿಕಾ ಸೈಮನ್ ಎಂಬ ಜರ್ಮನ್ ದಂಪತಿ 3210 ಮೀಟರ್ ಎತ್ತರದ ಟಿಸೆನ್‌ಯೋಕ್ ಎಂಬಲ್ಲಿ ನಡೆದು ಹೋಗುತ್ತಿದ್ದಾಗ, ಕರಗಿದ ಹಿಮದಲ್ಲಿ ಬೋರಲಾಗಿ ಬಿದ್ದ ದೇಹವೊಂದನ್ನು ಕಂಡರು. ಇತ್ತೀಚೆಗೆ ಸತ್ತ ಪರ್ವತಾರೋಹಿ ಎಂದುಕೊಂಡರು. ನೋಡಿದರೆ ಈಜಿಪ್ಟಿನ ಪಿರಮಿಡ್‌ಗಳಿಗಿಂತಲೂ ಹಳಬ! ದೇಹ ಸಿಕ್ಕಿದ ಜಾಗವನ್ನು ಅಳೆದಾಗ ಗಡಿಯಿಂದ ಸುಮಾರು 93 ಮೀಟರ್ ಇಟಲಿಯ ಒಳಗಿತ್ತು. ಹಾಗಾಗಿ ಅವನು ಇಟಲಿಯವನಾದ. ಸಿಕ್ಕಿದ ಓಟ್ಸ್ ಕಣಿವೆಯ ಹೆಸರಿನಿಂದ ಅವನನ್ನು ಓಟ್ಜಿ ಎಂದು ಕರೆದರು. 1998ರಿಂದ ಬೊಲ್ಝಾನೊದ ಪುರಾತತ್ವ ಮ್ಯೂಸಿಯಂನಲ್ಲಿದ್ದಾನೆ. ಅವನ ಪೂರ್ವಜರಲ್ಲಿ ಬಹುಪಾಲು ಅನಾತೋಲಿಯಾ, ಅಂದರೆ ಇಂದಿನ ತುರ್ಕಿಯ ಕಡೆಯಿಂದ ಬಂದ ರೈತರು ಎಂದು 2023ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಹೇಳಿತು. ಬಣ್ಣವೂ ಕಪ್ಪು, ತಲೆಗೂದಲೂ ಉದುರಿತ್ತಂತೆ. ಸತ್ತಾಗ ವಯಸ್ಸು ಸುಮಾರು 45. ನನ್ನ ಓರಗೆಯವನು.

ದೇಹವನ್ನು ಮೈನಸ್ 6 ಡಿಗ್ರಿ ಚಳಿಯ ಕೋಣೆಯಲ್ಲಿ ಇಟ್ಟಿದ್ದಾರೆ. ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಒಬ್ಬೊಬ್ಬರೇ ಹೋಗಿ ಇಣುಕಿ ನೋಡುತ್ತಾರೆ. ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ ಎಂಬುದನ್ನು ಮೆಚ್ಚಿಕೊಂಡೆ. ಆದರೂ ನನಗೆ ಮನಸ್ಸು ಬರಲಿಲ್ಲ. ಮಣ್ಣು ಸೇರಬೇಕಾದ ದೇಹಕ್ಕೆ ಮಣ್ಣು ಸಿಗದೆ ಹೋಯಿತಲ್ಲ ಎಂಬ ಸಂಕಟ. ವಿಜ್ಞಾನಕ್ಕೆ ಅದರಿಂದ ಎಷ್ಟು ಲಾಭವಾಗಿದೆ ಎಂದು ಅಳಿಯ ವಿವರಿಸಿದ. ಇರಬಹುದು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನ ಸಾಮಾನುಗಳ ಕಡೆಗೆ ಹೋದೆ.

ಸಹೋದರಿಯರೇ, ಹೆಂಗಸರಾದ ನಮಗೆ ಒಬ್ಬರನ್ನು ತಿಳಿಯಲು ಅವರ ಮುಖಕ್ಕಿಂತ ಅವರ ಅಡುಗೆಮನೆಯೇ ಸಾಕು ಅಲ್ಲವೇ? ಅವನ ಸಾಮಾನುಗಳನ್ನು ನಾನು ಹಾಗೇ ನೋಡಿದೆ. ಹುಲ್ಲಿನ ಹೆಣಿಗೆ, ಕರಡಿ ಚರ್ಮದ ಟೋಪಿ, ಯೂ ಮರದ ಹಿಡಿ ಹಾಕಿದ ತಾಮ್ರದ ಕೊಡಲಿ. ಅದೇ ಮರದ ಬಿಲ್ಲು, 1.82 ಮೀಟರ್ ಉದ್ದ, ಅವನಿಗಿಂತಲೂ ಎತ್ತರ. ಆ ಬಿಲ್ಲು ಇನ್ನೂ ಮುಗಿದಿರಲಿಲ್ಲ, ಕೆತ್ತಿದ ಗುರುತುಗಳು ಹಾಗೆಯೇ ಇದ್ದವು. ಪಕ್ಕದಲ್ಲಿ ಜಿಂಕೆ ಜಾತಿಯ ಪ್ರಾಣಿಯ ಚರ್ಮದ ಬತ್ತಳಿಕೆ. ಅದರೊಳಗೆ ಇದ್ದುದು 14 ಬಾಣ. ಮುಗಿದದ್ದು 2 ಮಾತ್ರ, ಆ ಎರಡೂ ಮುರಿದಿದ್ದವು. ಅವುಗಳಿಗೆ ಚಕಮಕಿ ಕಲ್ಲಿನ ಮೊನೆ, ಬರ್ಚ್ ಮರದ ತೊಗಟೆಯಿಂದ ತೆಗೆದ ಡಾಂಬರಿನಂಥ ಅಂಟು, ಮೂರು ಸಾಲು ಗರಿ, ಗರಿಯ ಸುತ್ತ ನೂಲಿಗಿಂತ ತೆಳುವಾದ ದಾರ. ಆ ದಾರ ಸುತ್ತಿದ ರೀತಿಯನ್ನು ನೋಡಿದರೆ ಜರಿ ಕೆಲಸ ಮಾಡುವವರು ಕೂಡ ತಲೆಬಾಗಬೇಕು.

ಉಳಿದ 12 ಬರೀ ಕಡ್ಡಿಗಳು. 84ರಿಂದ 87 ಸೆಂಟಿಮೀಟರ್ ಉದ್ದ. ತೊಗಟೆ ಬಿಡಿಸಿದೆ, ಆದರೆ ಮೊನೆ ಇಲ್ಲ, ಗರಿ ಇಲ್ಲ. ಹನ್ನೆರಡು ಕಡ್ಡಿ, ಒಂದಕ್ಕೊಂದು ಅಕ್ಕತಂಗಿಯರ ಹಾಗೆ.

ಆ ಕಡ್ಡಿಗಳ ಮುಂದೆ ನಾನು ಬಹಳ ಹೊತ್ತು ನಿಂತುಬಿಟ್ಟೆ. ಕಾರಣ ಹೇಳಿದರೆ ನೀವು ನಗಬಾರದು. ನನ್ನ ಉಮ್ಮ ತೀರಿಹೋಗಿ ಮೂರು ವರ್ಷವಾಯಿತು. ಅವರ ತಗಡಿನ ಪೆಟ್ಟಿಗೆ ತೆರೆದಾಗ ಬಿಳಿ ನೂಲಿನ ಅರ್ಧ ಹೆಣೆದ ಟೋಪಿಯೊಂದು ಸಿಕ್ಕಿತು, ಕೊಕ್ಕೆ ಕಡ್ಡಿ ಅದರಲ್ಲೇ ಸಿಕ್ಕಿಕೊಂಡಿತ್ತು. ತಮ್ಮನ ಮಗನಿಗೆಂದು ಹೆಣೆಯುತ್ತಿದ್ದರು. ಆ ಟೋಪಿಯನ್ನು ಮುಗಿಸಲೂ ನನ್ನಿಂದ ಆಗಿಲ್ಲ, ಬಿಚ್ಚಲೂ ಆಗಿಲ್ಲ. ಆ ಗಾಜಿನೊಳಗಿನ ಕಡ್ಡಿಗಳನ್ನು ನೋಡುವಾಗ ಅದು ನೆನಪಾಯಿತು. ಇವನೂ ನಾಳೆ ಮುಗಿಸುತ್ತೇನೆ ಎಂದುಕೊಂಡವನೇ ಇರಬೇಕು.

ಕಡ್ಡಿ ಯಾವ ಗಿಡದ್ದು ಎಂದು ಪಕ್ಕದಲ್ಲಿ ಬರೆದಿತ್ತು. ಮಗಳು ಓದಿದಳು: "ವಿಬರ್ನಮ್ ಲಂಟಾನ". ನಾನು ಬೆಚ್ಚಿದೆ. ಲಂಟಾನವೇ? ನಮ್ಮ ಗುಡ್ಡದ ಬದಿಯಲ್ಲೆಲ್ಲ ಹಬ್ಬಿ, ಸೀರೆ ಹರಿದು, ಕೈ ಗೀರುವ ಆ ಚದುರಂಗಿ ಪೊದೆಯೇ? ಅದರಿಂದ ಬಾಣವೇ? ಅಲ್ಲ ಎಂದು ಮರುದಿನ ತಿಳಿಯಿತು. ಯುರೋಪಿನಲ್ಲಿ ಲಂಟಾನ ಎಂಬ ಹೆಸರು ಮೊದಲು ಇದ್ದುದು ಈ ವಿಬರ್ನಮ್ ಗಿಡಕ್ಕೆ. ಅಮೆರಿಕ ಖಂಡದಿಂದ ಬಂದ ಇನ್ನೊಂದು ಗಿಡದ ಹೂಗೊಂಚಲು ಇದರಂತೆಯೇ ಕಂಡದ್ದರಿಂದ ಸಸ್ಯಶಾಸ್ತ್ರಜ್ಞರು ಅದಕ್ಕೂ ಅದೇ ಹೆಸರಿಟ್ಟರು. ಆ ಎರಡನೆಯದೇ ನಮ್ಮ ಕಾಡನ್ನು ನುಂಗುತ್ತಿರುವ ಕಳೆ. ಅಂದರೆ ನಮ್ಮ ಬಂಡೀಪುರದ ಕಳೆಗೆ ಆಲ್ಪ್ಸ್ ಪರ್ವತದ ಗಿಡದ ಹೆಸರು! ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಆ ಕಳೆಯ ಕೋಲಿನಿಂದಲೇ ಕುರ್ಚಿ, ಬುಟ್ಟಿ ಮಾಡುತ್ತಾರೆ. ಹೆಸರಿನ ಋಣ ಸ್ವಲ್ಪವಾದರೂ ತೀರಿತು ಎನ್ನೋಣ. ಇಂಗ್ಲಿಷರು ಈ ವಿಬರ್ನಮ್ ಅನ್ನು ದಾರಿಹೋಕರ ಮರ ಎನ್ನುತ್ತಾರಂತೆ. ದಾರಿ ಬದಿಯ ಬೇಲಿಗಳಲ್ಲಿ ಬೆಳೆಯುವುದರಿಂದ ಬಂದ ಹೆಸರು.

ಮರುದಿನ ನಾವು ಹೋದದ್ದು ವಿನ್ಷ್‌ಗೌ ಕಣಿವೆಯ ಒಂದು ಹಳ್ಳಿಗೆ. ಅಳಿಯನ ಸಹೋದ್ಯೋಗಿಯ ತಾಯಿ ಅಲ್ಲಿದ್ದಾರೆ. 74 ವಯಸ್ಸು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಕಣಿವೆಯ ಉದ್ದಕ್ಕೂ ಸೇಬಿನ ತೋಟ, ಆ ತಿಂಗಳಲ್ಲಿ ಎಲೆಯಿಲ್ಲದೆ ಬೋಳಾಗಿ ನಿಂತಿದ್ದವು. ನಾವು ಬರುತ್ತೇವೆಂದು ತಿಳಿದು ಆ ತಾಯಿ ಅಡುಗೆಮನೆಯಲ್ಲಿ ನೇತು ಹಾಕಿದ್ದ ಹಂದಿಮಾಂಸವನ್ನು ಒಳಗಿಟ್ಟು, ಆಲೂಗಡ್ಡೆ ಬೇಯಿಸಿ, ಸೇಬಿನ ರೊಟ್ಟಿ ಮಾಡಿದ್ದರು. ಝುಹರ್‌ಗೆ ಹೊತ್ತಾದಾಗ ಮರದ ನೆಲದ ಕೋಣೆಯೊಂದನ್ನು ಗುಡಿಸಿ ಬಾಗಿಲು ಮುಂದೆ ಮಾಡಿ ಹೋದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬಾರದು. ಮಗಳು ನಡುವೆ ನಿಂತು ಅನುವಾದ ಮಾಡಿ ಸುಸ್ತಾದಳು.

ನಾನು ಕಡ್ಡಿಯ ವಿಷಯ ಎತ್ತಿದೆ. ಅವರ ಮುಖ ಅರಳಿತು. ಕೈ ಹಿಡಿದು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಲ್ಲಿನ ಪಾಗಾರದ ಉದ್ದಕ್ಕೆ ಬೇಲಿ. ಆ ಬೇಲಿಯ ತುಂಬ ವಿಬರ್ನಮ್! ಗಂಡ ಇದ್ದಾಗ ಮಕ್ಕಳಿಗೆ ಬಿಲ್ಲು ಬಾಣ ಮಾಡಿಕೊಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಈಕೆ ಮೊಮ್ಮಕ್ಕಳಿಗಾಗಿ ಮುಂದುವರಿಸಿದ್ದಾರೆ.

ಎಲೆಯಿಲ್ಲದ ಗಿಡವನ್ನು ಗುರುತಿಸುವುದು ಹೇಗೆ? ತುದಿಯ ಮೊಗ್ಗು ನೋಡಬೇಕು. ಹೆಚ್ಚಿನ ಗಿಡಗಳ ಚಳಿಗಾಲದ ಮೊಗ್ಗಿಗೆ ಮೇಲೊಂದು ಪೊರೆಯ ಹೊದಿಕೆ ಇರುತ್ತದೆ. ಇದಕ್ಕೆ ಅದಿಲ್ಲ. ಎರಡು ಪುಟಾಣಿ ಎಲೆಗಳು ಬೂದು ಬಣ್ಣದ ರೋಮ ಹೊದ್ದು, ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಎಷ್ಟು ಚಳಿ ಬಿದ್ದರೂ ಹಾಗೆಯೇ. ಮೇ ತಿಂಗಳಲ್ಲಿ ಬಿಳಿ ಹೂ, ಆಮೇಲೆ ಕೆಂಪಾಗಿ ಕೊನೆಗೆ ಕಪ್ಪಾಗುವ ಕಾಯಿ.

ಬಾಣಕ್ಕೆ ಎಲ್ಲ ಕೊಂಬೆಯೂ ಆಗದು. ಹಳೆಯ ಪೊದೆಯನ್ನು ಹಾಗೇ ಬಿಟ್ಟರೆ ಅದು ಅಡ್ಡಾದಿಡ್ಡಿ ಕವಲೊಡೆಯುತ್ತದೆ. ಅದಕ್ಕೇ ಚಳಿಗಾಲ ಮುಗಿಯುವ ಮೊದಲು ಪೊದೆಯನ್ನು ನೆಲದಿಂದ ಒಂದು ಗೇಣಿನಷ್ಟು ಬಿಟ್ಟು ಕಡಿದುಬಿಡುತ್ತಾರೆ. ನೋಡಿದರೆ ಗಿಡವನ್ನು ಕೊಂದ ಹಾಗೆ. ಆದರೆ ಬೇರು ದೊಡ್ಡದು, ಬೇರಿನಲ್ಲಿ ಕೂಡಿಟ್ಟ ಶಕ್ತಿ ಬಹಳ. ವಸಂತ ಬಂದಾಗ ಆ ಮೋಟಿನಿಂದ ಹತ್ತಾರು ಚಿಗುರು ಒಟ್ಟಿಗೆ ಏಳುತ್ತವೆ. ಒತ್ತೊತ್ತಾಗಿ ಇರುವುದರಿಂದ ಬೆಳಕಿಗಾಗಿ ಪೈಪೋಟಿ. ಪಕ್ಕಕ್ಕೆ ಕವಲು ಚಾಚಲು ಜಾಗವಿಲ್ಲ, ನೇರ ಮೇಲಕ್ಕೇ ಹೋಗಬೇಕು. ಒಂದನೆಯ ವರ್ಷ ತೆಳ್ಳಗೆ ಉದ್ದಕ್ಕೆ ಬೆಳೆಯುತ್ತದೆ, ಎರಡನೆಯ ವರ್ಷ ಗಟ್ಟಿಯಾಗುತ್ತದೆ. ಇನ್ನೂ ಬಿಟ್ಟರೆ ಪಕ್ಕದಲ್ಲಿ ಕವಲು ಬಂದು ಗಂಟು ಮೂಡುತ್ತದೆ, ಆಮೇಲೆ ಬಾಣಕ್ಕೆ ಆಗದು. ಹೆಣ್ಣುಮಕ್ಕಳ ಕಿರುಬೆರಳಿನ ದಪ್ಪ ಬಂದಾಗ ಕಡಿಯಬೇಕು ಎಂದು ನನ್ನ ಬೆರಳನ್ನೇ ಹಿಡಿದು ತೋರಿಸಿದರು.

ಇದನ್ನು ಕೇಳುತ್ತಿದ್ದಂತೆ ನನಗೆ ನಮ್ಮ ಬೇಲಿಯ ಗೊಬ್ಬರದ ಗಿಡ ನೆನಪಾಯಿತು. ಗ್ಲಿರಿಸಿಡಿಯಾ ಎನ್ನುತ್ತಾರಲ್ಲ, ಅದೇ. ವರ್ಷವರ್ಷ ಸೊಪ್ಪಿಗೆಂದು ಬೋಳಿಸುತ್ತೇವೆ, ಮರುವರ್ಷ ನೋಡಿದರೆ ಕೋಲು ಕೋಲಾಗಿ ಎದ್ದು ನಿಂತಿರುತ್ತದೆ. ಕಾರಣ ಏನೆಂದು ಕೇಳಲು ನನಗೆ ಆಲ್ಪ್ಸ್ ಪರ್ವತದ ತನಕ ಹೋಗಬೇಕಾಯಿತು. ಇನ್ನೊಂದೂ ನೆನಪಾಯಿತು. ನಾವು ಮದ್ರಸದಲ್ಲಿ ಕಲಿಯುವಾಗ ಉಸ್ತಾದರು ಹೊಡೆಯುವ ಕೋಲನ್ನು ನಮ್ಮಿಂದಲೇ ತರಿಸುತ್ತಿದ್ದರು. ಪೇರಳೆ ಮರದ ಬುಡದಲ್ಲಿ ಚಿಗುರಿದ ನೇರ ಕೋಲೇ ಆಗಬೇಕು. ನಾವು ಬೇಕೆಂದೇ ಸೊಟ್ಟದ್ದನ್ನು ಹುಡುಕಿ ತಂದು ಅದಕ್ಕೂ ಎರಡು ಹೆಚ್ಚು ತಿನ್ನುತ್ತಿದ್ದೆವು. ಇದನ್ನು ಮಗಳು ಅನುವಾದಿಸಿದಾಗ ಆ ತಾಯಿ ಬಿದ್ದು ಬಿದ್ದು ನಕ್ಕರು. ಅವರ ಕಾಲದಲ್ಲಿ ಅಲ್ಲಿಯೂ ಅದೇ ಕಥೆ, ಕೋಲು ಮಾತ್ರ ಹೇಝಲ್ ಗಿಡದ್ದು.

ಕಡಿಯುವ ಕಾಲ ಎಲೆ ಉದುರಿದ ಮೇಲೆ, ಮೊಗ್ಗು ಬಿರಿಯುವ ಮೊದಲು. ಆಗ ಗಿಡದಲ್ಲಿ ರಸದ ಓಟ ಕಡಿಮೆ, ಕಡ್ಡಿ ಒಣಗುವಾಗ ಸೀಳುವುದೂ ಕಡಿಮೆ. ಬೇಕಾದ ಉದ್ದಕ್ಕಿಂತ ಒಂದು ಗೇಣು ಹೆಚ್ಚೇ ಇಟ್ಟು ಕಡಿಯಬೇಕು, ತುದಿ ಬಿರುಕು ಬಿಟ್ಟರೆ ಕತ್ತರಿಸಲು. ಕೊಯ್ದ ಬಾಯಿಗೆ ಮೇಣ ಹಚ್ಚಬೇಕು. ತೊಗಟೆಯನ್ನು ಕೂಡಲೇ ಸುಲಿಯಬಾರದು, ಅವಸರ ಮಾಡಿದರೆ ಹಸಿ ಕಡ್ಡಿ ಬೇಗ ಒಣಗಿ ಸೀಳುತ್ತದೆ. ಹತ್ತು ಹನ್ನೆರಡನ್ನು ಒಟ್ಟುಗೂಡಿಸಿ ದಾರದಿಂದ ಬಿಗಿಯಾಗಿ ಕಟ್ಟಿ ನೆರಳಿನಲ್ಲಿ ತೂಗುಹಾಕಬೇಕು. ಒಲೆಯ ಹತ್ತಿರ ಕೂಡದು, ಬಿಸಿಲೂ ಕೂಡದು. ಕೆಲವು ತಿಂಗಳಾದರೂ ಬೇಕು. ಈಕೆ ಒಂದು ವರ್ಷ ಇಡುತ್ತಾರೆ. ಗಿಡದ ಮೇಲೆ ಎರಡು, ಅಟ್ಟದ ಮೇಲೆ ಒಂದು: ಮೂರು ವರ್ಷಕ್ಕೆ ಒಂದು ಬಾಣ. ಅಂಗಡಿಯಲ್ಲಿ ಅಲ್ಯೂಮಿನಿಯಂ ಬಾಣ ಐದು ನಿಮಿಷದಲ್ಲಿ ಸಿಗುತ್ತದೆ ಎಂದು ಅಳಿಯ ಹೇಳಿದ್ದನ್ನು ಮಗಳು ಅನುವಾದಿಸಲಿಲ್ಲ, ಒಳ್ಳೆಯದೇ ಮಾಡಿದಳು.

ಬುಟ್ಟಿ ಹೆಣೆಯುವವರಿಗೂ ಬೇಕಾದದ್ದು ಇಂಥದೇ ಚಿಗುರು. ಅಮೆರಿಕದ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಪೊದೆಗಳನ್ನು ಹದವಾಗಿ ಸುಟ್ಟು, ಮರುವರ್ಷ ಮೇಲೆದ್ದ ನೇರ ಚಿಗುರನ್ನು ಬುಟ್ಟಿಗೂ ಬಾಣಕ್ಕೂ ಬಳಸುತ್ತಿದ್ದರು ಎಂದು ನಾನು ಆಮೇಲೆ ಓದಿದೆ.

ಅಟ್ಟದಿಂದ ಕಳೆದ ವರ್ಷದ ಕಟ್ಟೊಂದನ್ನು ಇಳಿಸಿದರು. ಒಣಗಿದ ಕಡ್ಡಿಯೂ ಪೂರ್ತಿ ನೇರ ಇರುವುದಿಲ್ಲ. ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವ ಹಾಗೆ, ಕಡ್ಡಿಯ ಉದ್ದಕ್ಕೂ ನೋಡಬೇಕು. ಎಲ್ಲಿ ಬಾಗಿದೆಯೋ ಅಲ್ಲಿ ಕೆಂಡದ ಮೇಲೆ ಹಿಡಿದು ತಿರುಗಿಸುತ್ತಾ ಕಾಯಿಸಬೇಕು. ಕರಟಬಾರದು, ಆದರೆ ಕೈಗೆ ತಡೆಯದಷ್ಟು ಬಿಸಿಯಾಗಬೇಕು. ಆಗ ಎರಡೂ ಹೆಬ್ಬೆರಳನ್ನು ಬಾಗಿನ ಮೇಲಿಟ್ಟು ವಿರುದ್ಧ ದಿಕ್ಕಿಗೆ ಮೆಲ್ಲನೆ ಒತ್ತಿ, ಆರುವ ತನಕ ಹಾಗೆಯೇ ಹಿಡಿದಿರಬೇಕು. ಬಿಟ್ಟರೆ ಮತ್ತೆ ಬಾಗುತ್ತದೆ. ಒಂದೊಂದು ಕಡ್ಡಿಗೆ ಹತ್ತು ಹದಿನೈದು ಸಲ. ಸಾಮಾನ್ಯವಾಗಿ ದಪ್ಪ ತುದಿ ಮೊನೆಗೆ, ತೆಳ್ಳನೆಯ ತುದಿ ಹಗ್ಗಕ್ಕೆ ಸಿಕ್ಕಿಸುವ ಸೀಳಿಗೆ. ಸೀಳು ಹರಡದಂತೆ ಅದರ ಕೆಳಗೆ ನೂಲು ಸುತ್ತು. ಕೇವಲ ನೇರ ಇದ್ದರೂ ಸಾಲದು. ಬಿಟ್ಟ ಕ್ಷಣ ಬಾಣ ಮೀನಿನ ಹಾಗೆ ಸ್ವಲ್ಪ ಬಳುಕುತ್ತದೆ, ಆದ್ದರಿಂದ ಒಬ್ಬರ ಬತ್ತಳಿಕೆಯ ಎಲ್ಲ ಕಡ್ಡಿಗಳೂ ಒಂದೇ ತೂಕ, ಒಂದೇ ಬಳುಕು ಇರಬೇಕು. ಇಲ್ಲದಿದ್ದರೆ ಒಂದು ಎಡಕ್ಕೆ, ಒಂದು ಬಲಕ್ಕೆ. ಓಟ್ಜಿಯ ಹನ್ನೆರಡು ಅಕ್ಕತಂಗಿಯರ ಹಾಗೆ ಕಂಡದ್ದು ಯಾಕೆ ಎಂದು ಆಗ ಅರ್ಥವಾಯಿತು. ಆರಿಸುವಾಗ ಹನ್ನೆರಡಕ್ಕಾಗಿ ಎಷ್ಟನ್ನು ಬಿಟ್ಟಿರಬೇಕು!

ನನಗೂ ಒಂದು ಕೊಟ್ಟರು. ಶಿಕ್ಷಕಿಯಲ್ಲವೇ, ಗೊತ್ತಾಯಿತು ಗೊತ್ತಾಯಿತು ಎಂದು ತಲೆಯಾಡಿಸಿ ಕೆಂಡದ ಮೇಲೆ ಹಿಡಿದೆ. ಸಾಕಷ್ಟು ಕಾಯುವ ಮೊದಲೇ ಬಾಗಿಸಿದೆ. ಟಪ್ ಎಂದು ಮುರಿಯಿತು. ಮೂರು ವರ್ಷ ಕಾದದ್ದು ಮೂರು ಸೆಕೆಂಡಿನಲ್ಲಿ! ಆ ತಾಯಿ ಏನೂ ಹೇಳಲಿಲ್ಲ. ಮುರಿದದ್ದನ್ನು ಒಲೆಗೆ ಹಾಕಿ ಇನ್ನೊಂದನ್ನು ಕೈಗಿಟ್ಟರು. ನನ್ನ ಮಕ್ಕಳು ಸ್ಲೇಟು ಒಡೆದಾಗ ನಾನು ಎಷ್ಟು ಮಾತಾಡಿದ್ದೇನೆ ಎಂದು ಲೆಕ್ಕ ಹಾಕಿದೆ. ಎರಡನೆಯದು ಮುರಿಯಲಿಲ್ಲ, ಆದರೆ ಬಲಗೈ ಹೆಬ್ಬೆರಳ ಬುಡ ಕೆಂಪಗೆ ಊದಿತು.

ಅಷ್ಟರಲ್ಲಿ ನನಗೆ ಹಿಂದಿನ ದಿನ ಓದಿದ ಒಂದು ಸಾಲು ನೆನಪಾಯಿತು. ಓಟ್ಜಿಯ ಬಲಗೈಯಲ್ಲಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆಳವಾದ ಗಾಯವಿತ್ತು. ಸಾಯುವ ಕೆಲವು ದಿನ ಮೊದಲು ಆದದ್ದು, ಯಾರೋ ಚೂರಿ ಬೀಸಿದಾಗ ಕೈಯಡ್ಡ ಹಿಡಿದಿರಬೇಕು ಎನ್ನುತ್ತಾರೆ. ಅವನು ಬಲಗೈಯವನು ಎಂದು ಅವನ ಕಲ್ಲಿನ ಉಪಕರಣಗಳನ್ನು ಪರೀಕ್ಷಿಸಿದವರು 2018ರಲ್ಲಿ ಬರೆದಿದ್ದಾರೆ. ಸಹೋದರಿಯರೇ, ಆ ಗಾಯ ಇಟ್ಟುಕೊಂಡು ಕಡ್ಡಿಯನ್ನು ಒತ್ತಿ ಹಿಡಿಯುವುದು ಹೇಗೆ? ದಾರ ಸುತ್ತುವುದು ಹೇಗೆ? ಹನ್ನೆರಡು ಕಡ್ಡಿ ಮುಗಿಯದೆ ಉಳಿದದ್ದು ಸೋಮಾರಿತನದಿಂದ ಅಲ್ಲ ಎಂದು ನನ್ನ ಊದಿದ ಬೆರಳು ನನಗೆ ಹೇಳಿತು. ಇದು ವಿಜ್ಞಾನಿಗಳ ತೀರ್ಪಲ್ಲ, ಒಬ್ಬ ಹೆಂಗಸಿನ ಊಹೆ.

ಅವನು ಸತ್ತದ್ದೂ ಬಾಣದಿಂದಲೇ. ದೇಹ ಸಿಕ್ಕಿ ಹತ್ತು ವರ್ಷ ಅದು ಯಾರಿಗೂ ಗೊತ್ತಾಗಿರಲಿಲ್ಲ. 2001ರಲ್ಲಿ ಎಕ್ಸ್‌ರೇ ತೆಗೆದಾಗ ಎಡ ಭುಜದೊಳಗೆ ಕಲ್ಲಿನ ಮೊನೆ ಕಂಡಿತು. ಹಿಂದಿನಿಂದ ಬಂದು ರಕ್ತನಾಳ ಹರಿದಿತ್ತು. ಮೊನೆ ಒಳಗಿದೆ, ಕಡ್ಡಿ ಮಾತ್ರ ಇಲ್ಲ. ಯಾರೋ ಎಳೆದು ತೆಗೆದಿದ್ದಾರೆ. ತಾಮ್ರದ ಕೊಡಲಿಯನ್ನೇ ಮುಟ್ಟದೆ ಹೋದವರು ಕಡ್ಡಿಯನ್ನು ಯಾಕೆ ತೆಗೆದರು? ಬಾಣ ನೋಡಿ ಗುರುತು ಹಿಡಿದಾರು ಎಂಬ ಭಯ ಇರಬಹುದು ಎಂದು ಕೆಲವರ ಅಭಿಪ್ರಾಯ. ಇದನ್ನು ನಾನು ಆ ತಾಯಿಯಲ್ಲಿ ಕೇಳಿದೆ. ಅವರು ಕೈಯಲ್ಲಿದ್ದ ಕಡ್ಡಿಯನ್ನು ಒಂದು ಕಣ್ಣಿನಿಂದ ನೋಡುತ್ತಲೇ, "ಒಳ್ಳೆಯ ಕಡ್ಡಿಯನ್ನು ಯಾರು ಬಿಟ್ಟು ಹೋಗುತ್ತಾರೆ?" ಎಂದರು. ನನ್ನ ಮೈ ಜುಮ್ಮೆಂದಿತು. ಹಾಗಾದರೆ ಆ ಕಡ್ಡಿಯನ್ನೂ ಯಾರೋ ಹೀಗೆಯೇ ಎರಡು ವರ್ಷ ಬೆಳೆಸಿ, ನೆರಳಲ್ಲಿ ಒಣಗಿಸಿ, ಕೆಂಡದ ಮುಂದೆ ತಾಳ್ಮೆಯಿಂದ ಕುಳಿತು ನೇರ ಮಾಡಿದ್ದು. ಅಷ್ಟು ತಾಳ್ಮೆ ಇದ್ದ ಕೈಯೇ ಅದನ್ನು ಬೆನ್ನಿಗೆ ಬಿಟ್ಟಿತೋ, ಅಥವಾ ಮಾಡಿದವರು ಒಬ್ಬರು, ಬಿಟ್ಟವರು ಇನ್ನೊಬ್ಬರೋ.

ಒಂದು ಬಾಣದಿಂದ ಮೂವರಿಗೆ ಸ್ವರ್ಗ ಎಂಬ ಆಶಯದ ಹದೀಸ್ ತಿರ್ಮಿದಿ, ಅಬೂದಾವೂದ್ ಗ್ರಂಥಗಳಲ್ಲಿದೆ: ಒಳಿತನ್ನು ಬಯಸಿ ಬಾಣ ಮಾಡಿದವನಿಗೆ, ಅದನ್ನು ಎತ್ತಿಕೊಟ್ಟವನಿಗೆ, ಬಿಟ್ಟವನಿಗೆ. ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಬಿಟ್ಟವನಿಗಿಂತ ಮೊದಲು ಮಾಡಿದವನ ಹೆಸರು ಏಕೆ ಬಂತು ಎಂದು ಒಬ್ಬ ಹುಡುಗಿ ಒಮ್ಮೆ ಕೇಳಿದಾಗ ಏನೋ ಹೇಳಿ ಕೂರಿಸಿದ್ದೆ. "ಒಳಿತನ್ನು ಬಯಸಿ" ಎಂಬ ಷರತ್ತು ಮಾಡಿದವನಿಗೇ ಏಕೆ ಎಂದು ಅವಳು ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಮೂರು ವರ್ಷದ ಕೆಲಸ ಮುಗಿದು ಕೈಬಿಟ್ಟ ಮೇಲೆ ಅದು ಯಾರ ಬೆನ್ನಿಗೆ ಹೋಗುತ್ತದೆ ಎಂದು ಕಡ್ಡಿಗೆ ಗೊತ್ತಿರುವುದಿಲ್ಲವಲ್ಲ.

ಸೀರಾ ಗ್ರಂಥಗಳಲ್ಲಿ ಬಾಣ ಕೆತ್ತುವವರೊಬ್ಬರ ಘಟನೆಯೂ ಇದೆ, ನಿಮ್ಮಲ್ಲಿ ಕೆಲವರು ಓದಿರಬಹುದು. ಅಬ್ಬಾಸ್(ರ)ರ ಗುಲಾಮರಾಗಿದ್ದ ಅಬೂ ರಾಫಿಅ್(ರ) ಮಕ್ಕಾದಲ್ಲಿ ಝಂಝಂ ಬಳಿಯ ಬಿಡಾರದಲ್ಲಿ ಕುಳಿತು ಬಾಣ ಕೆತ್ತುತ್ತಿದ್ದರು. ದೇಹದಲ್ಲಿ ಬಲ ಕಡಿಮೆ. ಬದ್ರ್‌ನ ಸುದ್ದಿ ಬಂದ ದಿನ ಅವರ ಬಾಯಿಂದ ಬಂದ ಒಂದು ಮಾತಿಗೆ ಅಬೂಲಹಬ್ ಅವರನ್ನು ಕೆಡವಿ ಹೊಡೆಯತೊಡಗಿದ. ಪಕ್ಕದಲ್ಲಿ ಕುಳಿತಿದ್ದ ಅಬ್ಬಾಸ್‌ರ ಪತ್ನಿ ಉಮ್ಮುಲ್ ಫಝ್ಲ್(ರ) ಬಿಡಾರದ ಕಂಬವನ್ನೇ ಕಿತ್ತು ಅವನ ತಲೆಗೆ ಬಾರಿಸಿದರು. ಒಡೆಯ ಊರಲ್ಲಿಲ್ಲವೆಂದು ಈ ಬಡವನನ್ನು ತುಳಿಯುತ್ತೀಯಾ ಎಂದು ಗದರಿದರು. ಬಾಣ ಕೆತ್ತುವವನ ಕೈಯಲ್ಲಿ ಅಷ್ಟು ಬಾಣವಿದ್ದೂ ಅವನನ್ನು ಉಳಿಸಿದ್ದು ಒಬ್ಬ ಹೆಂಗಸು ಎತ್ತಿದ ಕಂಬ. ಇದನ್ನು ಮಗಳು ಅನುವಾದಿಸಿದಾಗ ಆ ತಾಯಿ ಆ ಮಹಿಳೆಯ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

ಹೊರಡುವ ಮೊದಲು ಅವರಿಗೊಂದು ಕೆಲಸ ಬಾಕಿಯಿತ್ತು. ಬೇಲಿಯ ಕೊನೆಯಲ್ಲಿದ್ದ ಹಳೆಯ ಪೊದೆಯೊಂದನ್ನು ಆ ದಿನವೇ ಕಡಿಯಬೇಕಿತ್ತು, ಹಿಮ ಕರಗಿದರೆ ಹೊತ್ತು ಮೀರುತ್ತದೆ. ಗರಗಸದಲ್ಲಿ ಅರ್ಧ ಕೊಯ್ದು ಬೆನ್ನು ಹಿಡಿದು ನಿಂತರು. ಉಳಿದರ್ಧವನ್ನು ನಾನು ಕೊಯ್ದೆ. ಇದು ಯಾರಿಗೆ ಎ೦ದು ಕೇಳಿದೆ. ಕೊನೆಯ ಮೊಮ್ಮಗನಿಗಂತೆ. ಅವನಿಗೆ ಈಗ ಮೂರು ವರ್ಷ. ಕಡ್ಡಿ ಒಣಗುವಾಗ ಆರು. ಬಿಲ್ಲು ಎಳೆಯಲು ಸರಿಯಾದ ವಯಸ್ಸು. ತನಗೆ ಆಗ ಎಷ್ಟಾಗುತ್ತದೆ ಎಂದು ಅವರು ಹೇಳಲಿಲ್ಲ. ನಾನು ಮನಸ್ಸಿನಲ್ಲೇ ಕೂಡಿಸಿದೆ. ಪಕ್ಕದ ಪೊದೆಯ ಎರಡು ವರ್ಷದ ಚಿಗುರಿನಿಂದ ಐದು ಕಡ್ಡಿ ಕಡಿದು, ಬಾಯಿಗೆ ಮೇಣ ಹಚ್ಚಿ, ಕೆಂಪು ಉಣ್ಣೆ ದಾರದಿಂದ ಕಟ್ಟಿ, ನಿದ್ದೆ ಹೋಗಿದ್ದ ನಮ್ಮ ಮಗುವಿನ ಪಕ್ಕದಲ್ಲಿ ಇಟ್ಟರು.

ಹಸಿ ಕಡ್ಡಿಯನ್ನು ಊರಿಗೆ ತರುವಂತಿರಲಿಲ್ಲ, ಮಗಳ ಮನೆಯಲ್ಲೇ ಬಿಟ್ಟು ಬಂದೆ. ಬಂದ ಮೇಲೆ ಉಮ್ಮನ ಟೋಪಿಯನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ. ಎರಡು ಸುತ್ತು ಹೆಣೆದೆ. ನನ್ನ ಹೆಣಿಗೆ ಅವರಷ್ಟು ಬಿಗಿಯಿಲ್ಲ, ಎಲ್ಲಿ ಅವರದು ಮುಗಿದು ನನ್ನದು ಶುರುವಾಗಿದೆ ಎಂದು ಯಾರಿಗೂ ಕಾಣುತ್ತದೆ. ತಮ್ಮನ ಮಗನ ತಲೆಗೆ ಅದು ಇನ್ನು ಹಿಡಿಯದು, ಅವನಿಗೀಗ ಹನ್ನೊಂದು. ಮೊಮ್ಮಗನಿಗೆ ಆಗಬಹುದು.

ಕಳೆದ ಶುಕ್ರವಾರ ಮಗಳಿಗೆ ಫೋನ್ ಮಾಡಿದಾಗ ಕಡ್ಡಿಗಳು ಹೇಗಿವೆ ಎಂದು ಕೇಳಿದೆ. ಮಗು ತೆವಳಿ ಹೋಗಿ ಕೆಂಪು ದಾರ ಎಳೆಯುತ್ತಾನೆ, ಅದಕ್ಕೆ ಕಪಾಟಿನ ಮೇಲೆ ಇಟ್ಟಿದ್ದೇನೆ ಎಂದಳು. ಒಣಗಿದವೇ ಎಂದೆ. ಉಗುರಿನಿಂದ ತೊಗಟೆ ಕೆರೆದು ನೋಡಿದಳು.

"ಇನ್ನೂ ಹಸಿರಿದೆ ಉಮ್ಮ."